ಮೂವತ್ತೆರಡು ಕಡ್ಡಿಗಳ ಮೇಲೆ

ಸೈಕಲ್ಲಿನ ಕಡ್ಡಿ ಮುರಿಯುವ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ‘ಟಣ್’ ಎಂದು ಒಂದೇ ಸಲ, ತಂಬೂರಿಯ ತಂತಿ ಹರಿದ ಹಾಗೆ. ಒಂದೆರಡು ಗಜ ಏನೂ ಆಗಿಲ್ಲವೇನೋ ಎಂಬಂತೆ ಸೈಕಲ್ ಮುಂದೆ ಹೋಗುತ್ತದೆ. ಆಮೇಲೆ ಹಿಂದಿನ ಚಕ್ರ ಅತ್ತಿತ್ತ ಓಲಾಡತೊಡಗುತ್ತದೆ. ನಮ್ಮ ಕಡೆ ಇದಕ್ಕೆ ‘ಔಟ್ ಹೊಡೀತಿದೆ’ ಎನ್ನುತ್ತಾರೆ. ತುಮಕೂರಿನಿಂದ ದೇವರಾಯನದುರ್ಗದ ಕಡೆಗೆ ಹೋಗುವಾಗ ಡಾಂಬರು ಬಿಟ್ಟು ಬಂಡಿ ಜಾಡು ಹಿಡಿದರೆ ಒಂದು ಸಣ್ಣ ಕೆರೆ ಏರಿ ಸಿಗುತ್ತದೆ. ಆ ಏರಿಯ ಮೇಲೆ ನಾನು ಈ ಸದ್ದನ್ನು ಮೂರನೆಯ ಸಲ ಕೇಳಿದೆ. ನಾಲ್ಕು ತಿಂಗಳಲ್ಲಿ ಮೂರನೆಯದು. ಮೂರೂ ಹಿಂದಿನ ಚಕ್ರದವೇ. ಸೈಕಲ್ಲನ್ನು ಹುಣಸೆಮರಕ್ಕೆ ಒರಗಿಸಿ, ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ, ಡಾಂಬರು ರಸ್ತೆಯವರೆಗೆ ನಡೆದುಕೊಂಡೇ ಬಂದೆ.

ನನ್ನ ತೂಕ 104 ಕಿಲೋ. ಲೆಕ್ಕವೆಲ್ಲ ಅಲ್ಲಿಂದಲೇ ಶುರುವಾಗುವುದರಿಂದ ಇದನ್ನು ಮೊದಲೇ ಹೇಳಬೇಕು. ನಲವತ್ತು ದಾಟಿದ ಮೇಲೆ ಮಂಡಿ ನೋವು ಬಂತು. ಓಡುವುದು ಬೇಡ, ಸೈಕಲ್ ತುಳಿಯಿರಿ ಎಂದರು ಡಾಕ್ಟರು. ತುಳಿಯತೊಡಗಿದ ಮೇಲೆ ಅದು ಔಷಧವಾಗಿ ಉಳಿಯಲಿಲ್ಲ. ಬೆಳಗಿನ ಐದೂವರೆಗೆ ಹೊರಟು, ಕಲ್ಲು ಜಾಡಿನಲ್ಲಿ ನಾಮದ ಚಿಲುಮೆಯ ಕಾಡಿನಂಚಿಗೆ ಹೋಗಿ, ಬಿಸಿಲೇರುವ ಮೊದಲು ಮನೆಗೆ ಬರುವುದು ನನ್ನ ವಾರದ ಅತಿ ಒಳ್ಳೆಯ ಗಳಿಗೆಯಾಯಿತು. ಆ ಗಳಿಗೆಯನ್ನು ಎರಡು ಮಿಲಿಮೀಟರ್ ದಪ್ಪದ ತಂತಿಯೊಂದು ಪದೇಪದೇ ಕಿತ್ತುಕೊಳ್ಳುತ್ತಿತ್ತು. ಅಂಗಡಿಯಲ್ಲಿ ಸಿಗುತ್ತಿದ್ದ ಉತ್ತರ ಪ್ರತಿ ಸಲವೂ ಒಂದೇ: “ವೆಯ್ಟ್ ಜಾಸ್ತಿ ಸಾರ್. ಸ್ವಲ್ಪ ಇಳಿಸ್ಕೊಳ್ಳಿ.” ತೂಕ ಇಳಿಸಿಕೊಂಡು ಸೈಕಲ್ ಹತ್ತು ಎನ್ನುವುದು, ಈಜು ಕಲಿತು ನೀರಿಗಿಳಿ ಎಂದ ಹಾಗೆ. ಭಾರದ ದೇಹದವರಿಗೂ ಕಾಡುದಾರಿ ಬೇಕು. ಚಕ್ರ ಅವರನ್ನು ಹೊರಬೇಕು. ಹೊರುವ ಚಕ್ರ ಕಟ್ಟುವುದು ಸಾಧ್ಯವೂ ಇದೆ.

ಆ ದಿನ ಮನೆಗೆ ಬಂದು ಮುರಿದ ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಚಕ್ರದ ನಡುವಿನ ಹಬ್ಬಿನ ತೂತಿನೊಳಗೆ ಸೇರುವ ಜಾಗದಲ್ಲಿ ಕಡ್ಡಿ ಮೊಣಕೈಯಂತೆ ಬಾಗಿರುತ್ತದೆ. ಮುರಿದದ್ದು ಸರಿಯಾಗಿ ಆ ಮೊಣಕೈಯಲ್ಲಿ. ಭೂತಗನ್ನಡಿಯಲ್ಲಿ ಮುರಿದ ಮುಖ ನೋಡಿದರೆ ಎರಡು ಬಣ್ಣ. ಮುಕ್ಕಾಲು ಪಾಲು ಮಂಕಾಗಿ, ನುಣುಪಾಗಿ, ನದಿಯ ದಡದಲ್ಲಿ ನೀರು ಇಳಿದ ಗುರುತಿನಂಥ ಸಣ್ಣ ಗೆರೆಗಳಿದ್ದವು. ಉಳಿದ ಕಾಲುಭಾಗ ಒರಟಾಗಿ ಹೊಳೆಯುತ್ತಿತ್ತು. ಹೊಳೆಯುವ ಭಾಗ ಆ ಬೆಳಿಗ್ಗೆ ಮುರಿದದ್ದು. ಮಂಕು ಭಾಗ ತಿಂಗಳುಗಟ್ಟಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸೀಳುತ್ತ ಬಂದದ್ದು. ಅಂದರೆ ನನ್ನ ಭಾರ ಒಂದೇ ಏಟಿಗೆ ಕಡ್ಡಿಯನ್ನು ಮುರಿದಿರಲಿಲ್ಲ. ಒಳ್ಳೆಯ ಸ್ಟೇನ್‌ಲೆಸ್ ಕಡ್ಡಿಯೊಂದನ್ನು ಜಗ್ಗಿ ಹರಿಯಲು ಇನ್ನೂರೈವತ್ತು ಕಿಲೋದಷ್ಟಾದರೂ ಎಳೆತ ಬೇಕು. ಇಲ್ಲಿ ಆದದ್ದು ದಣಿವು. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಅದು ಮುರಿಯುತ್ತದಲ್ಲ, ಅಂಥದ್ದೇ ದಣಿವು, ಬಹಳ ನಿಧಾನವಾಗಿ.

ಎಷ್ಟು ಸಲ ಬಗ್ಗಿರಬಹುದು? 29 ಇಂಚಿನ ಚಕ್ರ ಒಂದು ಸುತ್ತು ಉರುಳಿದರೆ ಸುಮಾರು 2.3 ಮೀಟರ್. ಕಿಲೋಮೀಟರಿಗೆ ನಾನೂರ ಮೂವತ್ತಕ್ಕೂ ಹೆಚ್ಚು ಸುತ್ತು. ಸಾವಿರ ಕಿಲೋಮೀಟರಿಗೆ ನಾಲ್ಕು ಲಕ್ಷ ದಾಟುತ್ತದೆ. ಪ್ರತಿ ಸುತ್ತಿನಲ್ಲೂ ಪ್ರತಿ ಕಡ್ಡಿ ಒಮ್ಮೆ ನೆಲದ ಕಡೆಗೆ ಬಂದು ಸಡಿಲಗೊಂಡು ಮತ್ತೆ ಬಿಗಿಯುತ್ತದೆ. ಆ ಸಡಿಲ–ಬಿಗಿಗಳ ಅಂತರ ನನ್ನಂಥವರ ಕೆಳಗೆ ಹೆಚ್ಚು.

ಸಡಿಲಗೊಳ್ಳುತ್ತದೆ ಎಂದದ್ದು ಬಾಯಿತಪ್ಪಿ ಅಲ್ಲ. ಇದನ್ನು ನನಗೆ ಅರ್ಥ ಮಾಡಿಸಿದ್ದು ಅಜ್ಜಿಯ ಊರಿನ ಬಂಡಿ ಗಾಲಿ. ಗಾಲಿಯ ಮರದ ಅರಗಳು ಗುಂಬದಿಂದ ಹೊರಟು ಬಳೆಗೆ ನೆಟ್ಟಗೆ ಸೇರುತ್ತವೆ. ಬಂಡಿಯ ಭಾರ ಕೆಳಗಿನ ಅರದ ಮೇಲೆ ಕಂಬದ ಮೇಲೆ ತೊಲೆ ಕೂತಂತೆ ಕೂರುತ್ತದೆ. ಬೇಸಿಗೆಯಲ್ಲಿ ಪಟ್ಟೆ ಹೊಡೆಯುವ ದಿನ ಕುಲುಮೆಯ ಮುಂದೆ ಮಕ್ಕಳೆಲ್ಲ ಸೇರುತ್ತಿದ್ದೆವು. ಗಾಲಿಗಿಂತ ತುಸು ಚಿಕ್ಕದಾಗಿ ಮಾಡಿದ ಕಬ್ಬಿಣದ ಪಟ್ಟೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ತಂದು, ಗಾಲಿಯ ಸುತ್ತ ಬಡಿದು ಕೂರಿಸಿ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಕಬ್ಬಿಣ ತಣ್ಣಗಾಗಿ ಕುಗ್ಗುವಾಗ ಮರದ ಕೀಲುಗಳು ಕಿರ್ ಎಂದು ಒಳಗೊಳಗೇ ಬಿಗಿದುಕೊಳ್ಳುತ್ತಿದ್ದವು. ಭಾರ ಬೀಳುವ ಮೊದಲೇ ಅರಗಳನ್ನು ಒತ್ತಿ ಇಡುವ ಉಪಾಯ ಅದು.

ಸೈಕಲ್ ಚಕ್ರ ಇದನ್ನೇ ತಿರುಗಿಸಿ ಮಾಡುತ್ತದೆ. ಸಣ್ಣ ತಂತಿಯನ್ನು ಒತ್ತಿದರೆ ಬಾಗಿಬಿಡುತ್ತದೆ. ಅದಕ್ಕೇ ಅದನ್ನು ಮೊದಲೇ ಎಳೆದಿಡುತ್ತಾರೆ, ಒಂದೊಂದು ಕಡ್ಡಿಯನ್ನೂ ನೂರು, ನೂರಿಪ್ಪತ್ತು ಕಿಲೋದಷ್ಟು. ಭಾರ ಬಿದ್ದಾಗ ನೆಲ ಮುಟ್ಟುವ ಜಾಗದ ಮೂರ್ನಾಲ್ಕು ಕಡ್ಡಿಗಳ ಎಳೆತ ಅಷ್ಟು ಕಡಿಮೆಯಾಗುತ್ತದೆ. ಉಳಿದ ಕಡ್ಡಿಗಳಲ್ಲಿ ಹೆಚ್ಚಿನ ಬದಲಾವಣೆಯೇ ಇಲ್ಲ. ಸವಾರ ಮೇಲಿನ ಕಡ್ಡಿಗಳಿಗೆ ನೇತುಬಿದ್ದಿರುತ್ತಾನೆ ಎಂದು ನಂಬಿದವರು ಬಹಳ ಜನ. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರ ತಮ್ಮ ‘ದಿ ಬೈಸಿಕಲ್ ವೀಲ್’ ಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಬೇರೆಯೇ: ಚಕ್ರ ನಿಂತಿರುವುದು ಕೆಳಗಿನ ಕಡ್ಡಿಗಳ ಮೇಲೆ, ಅವು ಕಳೆದುಕೊಳ್ಳುವ ಬಿಗಿಯ ಮೇಲೆ. ಅದನ್ನು ತಿಳಿದ ದಿನ ನನ್ನ ಎಷ್ಟೋ ಪ್ರಶ್ನೆಗಳು ಒಟ್ಟಿಗೇ ಬಗೆಹರಿದವು. ಕಡ್ಡಿಯಲ್ಲಿ ಮೊದಲೇ ಕೂಡಿಟ್ಟ ಬಿಗಿ ಎಷ್ಟಿದೆಯೋ ಅಷ್ಟು ಭಾರವನ್ನು ಚಕ್ರ ನಿರಾಳವಾಗಿ ಹೊರುತ್ತದೆ. ಆ ಬಿಗಿ ಮುಗಿದುಹೋದ ಕ್ಷಣ ಕಡ್ಡಿ ಜೋತುಬೀಳುತ್ತದೆ, ರಿಮ್ಮಿಗೆ ಅಕ್ಕಪಕ್ಕದ ಆಸರೆ ತಪ್ಪುತ್ತದೆ, ಮೊಣಕೈ ತನ್ನ ತೂತಿನಲ್ಲಿ ಅಲುಗಾಡುತ್ತದೆ. ನಾನೂ ಸೈಕಲ್ಲೂ ಸೇರಿ 118 ಕಿಲೋ. ಅದರಲ್ಲಿ ಹಿಂದಿನ ಚಕ್ರದ ಪಾಲು ಎಪ್ಪತ್ತರ ಹತ್ತಿರ, ಅದೂ ಸುಮ್ಮನೆ ಕೂತಾಗ. ಕಲ್ಲಿನ ಮೆಟ್ಟಿಲಿಂದ ಧುಮುಕಿದಾಗ ಅದು ಎರಡು ಮೂರು ಪಟ್ಟಾಗುತ್ತದೆ.

ಹಾಗಾದರೆ ದಪ್ಪ ಕಡ್ಡಿ ಹಾಕಿದರೆ ಸಾಕಲ್ಲ? ನಾನೂ ಹಾಗೇ ಎಣಿಸಿದ್ದೆ. ಭಾರದವನಿಗೆ ಎಲ್ಲವೂ ದಪ್ಪ ಇರಬೇಕು ಎನ್ನುವುದು ಅಂಗಡಿಯವರ ನಂಬಿಕೆ, ನನ್ನದೂ ಆಗಿತ್ತು. ಆದರೆ ಚಕ್ರಗಳನ್ನು ಬಲ್ಲವರು ಕೊಡುವ ಕಡ್ಡಿ ‘ಬಟೆಡ್’ ಎನ್ನುವ ಜಾತಿಯದು. ಎರಡು ತುದಿಯಲ್ಲಿ 2.0 ಮಿಲಿಮೀಟರ್, ನಡುವಿನ ಉದ್ದಕ್ಕೂ 1.8. ಹೊಟ್ಟೆ ಸಣ್ಣದು ಮಾಡಿದ ಕಡ್ಡಿ ಹೆಚ್ಚು ಬಾಳುತ್ತದೆ ಎಂದರೆ ಮೊದಲು ಯಾರೂ ನಂಬುವುದಿಲ್ಲ. ಬೆರಳಲ್ಲಿ ಸವರಿದರೆ ಸಣ್ಣದಾಗುವ ಜಾಗ ಗೊತ್ತೇ ಆಗುವುದಿಲ್ಲ. ಕ್ಯಾಲಿಪರ್ ಹಿಡಿದು ನೋಡಿದ ಮೇಲೆ ನನಗೂ ನಂಬಿಕೆ ಬಂದದ್ದು.

ಅದರ ಗುಟ್ಟು ಹಿಗ್ಗುವುದರಲ್ಲಿದೆ. 29 ಇಂಚಿನ ಚಕ್ರಕ್ಕೆ ಸುಮಾರು 290 ಮಿಲಿಮೀಟರ್ ಉದ್ದದ ಕಡ್ಡಿ ಬೇಕು. ಅದನ್ನು ನೂರಹದಿನೈದು ಕಿಲೋ ಬಿಗಿಗೆ ಎಳೆದರೆ ನೇರ 2.0ರ ಕಡ್ಡಿ ಅರ್ಧ ಮಿಲಿಮೀಟರ್ ಹಿಗ್ಗುತ್ತದೆ. ಸಣ್ಣ ಹೊಟ್ಟೆಯದು ಅದಕ್ಕಿಂತ ಸ್ವಲ್ಪ ಹೆಚ್ಚು, ಅರ್ಧ ದಾಟಿ ಮುಕ್ಕಾಲಿನ ಕಡೆಗೆ. ಆ ಕೂದಲೆಳೆಯ ಹೆಚ್ಚಳವೇ ಬಂಡವಾಳ. ಕಲ್ಲಿಗೆ ಬಡಿದು ರಿಮ್ಮು ಒಂದಿಷ್ಟು ಒಳಕ್ಕೆ ಒತ್ತಿದಾಗ ದಪ್ಪ ಕಡ್ಡಿ ಬೇಗ ಜೋತುಬೀಳುತ್ತದೆ. ಹೆಚ್ಚು ಹಿಗ್ಗಿದ ಕಡ್ಡಿಯಲ್ಲಿ ಇನ್ನೂ ಬಿಗಿ ಉಳಿದಿರುತ್ತದೆ, ಮತ್ತು ಒತ್ತನ್ನು ಅಕ್ಕಪಕ್ಕದ ಕಡ್ಡಿಗಳೂ ಹಂಚಿಕೊಳ್ಳುತ್ತವೆ. ಬಾಗುವ, ಹಿಗ್ಗುವ ಕೆಲಸ ನಡುವಿನಲ್ಲಿ ನಡೆದುಹೋಗುವುದರಿಂದ ಮೊಣಕೈಗೆ ದಣಿವು ಕಡಿಮೆ. ಇದರ ಜೊತೆಗೆ ಕಡ್ಡಿಗೆ ಒಂದು ಗ್ರಾಂ ಉಳಿತಾಯ. ಹಗುರವಾದದ್ದೂ ಗಟ್ಟಿಯಾದದ್ದೂ ಒಂದೇ ವಸ್ತು ಎನ್ನುವುದು ಚಕ್ರದಲ್ಲಿ ಇಲ್ಲಿ ಮಾತ್ರ ನನಗೆ ಕಂಡದ್ದು. ಬೆಲೆ ನೇರ ಕಡ್ಡಿಗಿಂತ ಹೆಚ್ಚು. ಆದರೂ ಹಣ ಹಾಕಬೇಕಾದ ಮೊದಲ ಜಾಗ ಇದೇ ಎಂದು ಯಾರು ಕೇಳಿದರೂ ಹೇಳುತ್ತೇನೆ.

ಎರಡನೆಯ ಪಾಠ ಹಾಲಿನವರ ಸೈಕಲ್ಲಿನದು. ನಮ್ಮ ಊರುಗಳ ಕಪ್ಪು ದೊಡ್ಡ ಸೈಕಲ್ಲಿನ ಚಕ್ರಗಳ ಕಡ್ಡಿಗಳನ್ನು ಎಣಿಸಿ ನೋಡಿ. ಮುಂದೆ 32 ಕಡ್ಡಿ, ಹಿಂದೆ 40. ಇಂಗ್ಲಿಷ್ ರೋಡ್‌ಸ್ಟರ್‌ಗಳಿಂದ ಬಂದ ಲೆಕ್ಕ ಅದು. ಎರಡು ಕ್ಯಾನು ಹಾಲು, ಇಲ್ಲವೇ ಎಳನೀರಿನ ಗೊನೆಗಳು, ಇಲ್ಲವೇ ಮೂಟೆ ಹುಲ್ಲು, ಜೊತೆಗೆ ತುಳಿಯುವವನು: ಇಷ್ಟನ್ನು ಹಿಂದಿನ ಚಕ್ರ ಹೊರಬೇಕೆಂದು ಗೊತ್ತಿದ್ದವರು ಹಿಂದೆ ಎಂಟು ಕಡ್ಡಿ ಹೆಚ್ಚಿಗೆ ಕೊಟ್ಟರು. ಈಗಿನ ಮೌಂಟೇನ್ ಬೈಕು ಹಿಂದೆ ಮುಂದೆ ಎರಡಕ್ಕೂ ಒಂದೇ ಲೆಕ್ಕ ಇಡುತ್ತದೆ, ಹಗುರದ ಹೆಸರಿನಲ್ಲಿ ಎರಡಕ್ಕೂ 28 ಇಡುವವರೂ ಇದ್ದಾರೆ. ನಾನು ಹಿಂದಕ್ಕೆ 36ರ ಹಬ್ ಹುಡುಕಿದೆ. ಡಿಸ್ಕ್ ಬ್ರೇಕಿನದು ನನಗೆ ಸಿಗಲಿಲ್ಲ. 32ಕ್ಕೆ ನಿಂತೆ. ಆದರೆ ಹಾಲಿನ ಸೈಕಲ್ಲಿನ ಬುದ್ಧಿಯನ್ನು ಬಿಡಲಿಲ್ಲ. ಹಿಂದಕ್ಕೆ 560 ಗ್ರಾಮಿನ ರಿಮ್ಮು, ಮುಂದಕ್ಕೆ 480 ಗ್ರಾಮಿನದು ಆರಿಸಿದೆ. ಜೋಡಿ ಚಕ್ರ ಎಂದರೆ ಎರಡೂ ಒಂದೇ ತೆರ ಇರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಈ ವಿಷಯ ಬಂದಾಗಲೆಲ್ಲ ಬೆಟ್ಟದ ಸೈಕಲ್ಲಿನ ಚಕ್ರಗಳನ್ನು ಕೈಯಾರೆ ಕಟ್ಟಿದ ಕೀತ್ ಬಾಂಟ್ರೇಗರ್ ಅವರ ಹೆಸರಿನ ಒಂದು ಮಾತು ಬರುತ್ತದೆ: ಗಟ್ಟಿ, ಹಗುರ, ಅಗ್ಗ, ಈ ಮೂರರಲ್ಲಿ ಎರಡನ್ನು ಆರಿಸಿಕೊ. ಆಡುವ ಹಕ್ಕು ಇದ್ದವರು ಆಡಿದ ಮಾತು. ಕ್ಯಾಲಿಫೋರ್ನಿಯಾದ ಟ್ಯಾಮಲ್‌ಪೈಸ್ ಬೆಟ್ಟದ ಕಡೆಯ ಹುಡುಗರು 1976ರಿಂದ ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಒಂದು ಕಡಿದಾದ ಮಣ್ಣು ರಸ್ತೆ ಇಳಿಯುವ ಪಂದ್ಯ ಕಟ್ಟುತ್ತಿದ್ದರು. ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗುತ್ತಿತ್ತು, ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಿತ್ತು. ಆ ಇಳಿಜಾರಿಗೆ ‘ರಿಪ್ಯಾಕ್’ ಎಂಬ ಹೆಸರೇ ಬಂತು. ಆಗಿನ ದಪ್ಪ ಚಕ್ರಗಳು ಕಬ್ಬಿಣದ ತುಂಡುಗಳಂತೆ ಭಾರ. ಬಾಂಟ್ರೇಗರ್ 1980ರ ದಶಕದಲ್ಲಿ ರಸ್ತೆ ಸೈಕಲ್ಲಿನ ಒಳ್ಳೆಯ ಫ್ರೆಂಚ್ ರಿಮ್ಮನ್ನು ಕತ್ತರಿಸಿ, 26 ಇಂಚಿನ ಅಳತೆಗೆ ಮತ್ತೆ ಬಳೆಮಾಡಿ ಬೆಟ್ಟದ ಸೈಕಲ್ಲಿಗೆ ಹಾಕಿದರು. ಅಂಗಡಿಯಲ್ಲಿ ಇಲ್ಲದ್ದನ್ನು ಕೈಯಿಂದ ಮಾಡಿಕೊಂಡವರು ಅವರು. ಅದಕ್ಕೇ ನನಗೆ ಅವರ ಆ ಮಾತಿನಲ್ಲಿ ನಾಲ್ಕನೆಯ ಪದವೊಂದು ಅಡಗಿದೆ ಅನಿಸುತ್ತದೆ, ಕೈಕೆಲಸ. ಭಾರದ ಸವಾರನಿಗೆ ದುಡ್ಡು ಕಡಿಮೆ ಇದ್ದಾಗ ಬ್ರ್ಯಾಂಡಿಗೆ ಕೊಡುವುದನ್ನು ಒಳ್ಳೆಯ ಕೈಗೆ ಕೊಟ್ಟರೆ ಮೂರನೆಯದೂ ಸುಮಾರು ಮಟ್ಟಿಗೆ ದಕ್ಕುತ್ತದೆ.

ಹಗುರದ ಬಗ್ಗೆ ನಾನು ಪಟ್ಟ ಆಸೆಯನ್ನೂ ಹೇಳಬೇಕು. ರಾತ್ರಿ ಕೂತು ಗ್ರಾಂ ಲೆಕ್ಕ ಹಾಕಿದ್ದೇನೆ. ಒಂದು ರಾತ್ರಿ ಪೂರ್ತಿ ಲೆಕ್ಕ ಮಾಡಿದೆ: ಹಳೆಯ ಚಕ್ರಗಳಿಗಿಂತ ನಾನೂರು ಗ್ರಾಂ ಉಳಿಸಿದರೆ, ಅದೆಲ್ಲ ರಿಮ್ಮಿನಲ್ಲೇ ಉಳಿದರೂ, ತಿರುಗುವ ತೂಕವೆಂದು ವೇಗ ಕೂಡಿಸುವಾಗ ದುಪ್ಪಟ್ಟು ಎಣಿಸಿದರೂ ಎಂಟುನೂರು ಗ್ರಾಂ. ನೂರಹದಿನೆಂಟು ಕಿಲೋದಲ್ಲಿ ಅದು ನೂರಕ್ಕೆ ಒಂದು ಪಾಲೂ ಆಗುವುದಿಲ್ಲ. ಐವತ್ತೈದು ಕಿಲೋದ ಹುಡುಗನಿಗೆ ಅದೇ ಉಳಿತಾಯ ಹೆಚ್ಚಾಗಿ ತಟ್ಟುತ್ತದೆ. ಭಾರದ ಸವಾರ ಗಟ್ಟಿ ರಿಮ್ಮಿಗಾಗಿ ನೂರು ಗ್ರಾಂ ಹೆಚ್ಚು ಹೊತ್ತರೆ ಕಳೆದುಕೊಳ್ಳುವುದು ಬಹಳ ಕಡಿಮೆ, ಗಳಿಸುವುದು ಬಹಳ. ಅಂದಿನಿಂದ ನಿದ್ದೆ ಚೆನ್ನಾಗಿ ಬಂತು. ಕಡ್ಡಿಯ ತುದಿಯ ನಿಪ್ಪಲ್‌ಗಳಲ್ಲೂ ಅಲ್ಯೂಮಿನಿಯಂ ಬಿಟ್ಟು ಹಿತ್ತಾಳೆಯದನ್ನೇ ತಗೊಂಡೆ. ಚಕ್ರಕ್ಕೆ ಇಪ್ಪತ್ತು ಗ್ರಾಂ ಹೆಚ್ಚು. ಐದು ವರ್ಷದ ಮೇಲೂ ಕೀಲಿ ಹಾಕಿ ತಿರುಗಿಸಿದರೆ ತಿರುಗುತ್ತವೆ.

ಹಬ್ಬಿನ ವಿಷಯದಲ್ಲಿ ಕಲಿತದ್ದು ಕೈ ಸುಟ್ಟುಕೊಂಡು. ಹಳೆಯ ಹಿಂದಿನ ಹಬ್ಬಿನಲ್ಲಿ ಫ್ರೀವೀಲ್ ಅನ್ನು ತಿರುಪಿ ಕೂರಿಸುವ ಏರ್ಪಾಡಿತ್ತು. ಅಂಥದ್ದರಲ್ಲಿ ಬಲಗಡೆಯ ಬಾಲ್‌ಗಳು ಹಬ್ಬಿನ ಒಳಕ್ಕೆ ಕೂತಿರುತ್ತವೆ, ಅಲ್ಲಿಂದ ಫ್ರೇಮಿನವರೆಗೆ ಆಕ್ಸೆಲ್ ಆಸರೆಯಿಲ್ಲದೆ ಚಾಚಿರುತ್ತದೆ. ನನ್ನದು ಎರಡು ಸಲ ಬಗ್ಗಿತು. ಕ್ಯಾಸೆಟ್ ಕೂರುವ ಫ್ರೀಹಬ್ಬಿನಲ್ಲಿ ಬೇರಿಂಗು ಹೊರಗಿನ ತುದಿಗೇ ಬರುತ್ತದೆ, ಆಕ್ಸೆಲ್ ಚಾಚುವುದು ತೀರ ಕಡಿಮೆ. ಭಾರದವರು ಸೈಕಲ್ ಕೊಳ್ಳುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳಬೇಕು. ಹೊಸ ಫ್ರೇಮುಗಳಲ್ಲಿ ದಪ್ಪ ಥ್ರೂ ಆಕ್ಸೆಲ್ ಇರುತ್ತದೆ, ಹಿಂದೆ 148 ಮಿಲಿಮೀಟರ್ ಅಗಲದ ‘ಬೂಸ್ಟ್’ ಹಬ್ ಬರುತ್ತದೆ. ಹಬ್ಬಿನ ಎರಡು ತಟ್ಟೆಗಳು ದೂರ ಸರಿದಷ್ಟೂ ಕಡ್ಡಿಗಳು ಡೇರೆಯ ಹಗ್ಗದಂತೆ ಅಗಲವಾಗಿ ನಿಲ್ಲುತ್ತವೆ, ಪಕ್ಕದ ಬಲ ಹೆಚ್ಚುತ್ತದೆ. ನನ್ನ ಫ್ರೇಮು ಹಳೆಯದು, 135 ಮಿಲಿಮೀಟರಿನದು. ಅದನ್ನು ಬದಲಿಸುವ ಶಕ್ತಿ ಇರಲಿಲ್ಲ. ಶಿಮಾನೊ ಡಿಯೋರ್ ಹಬ್ ಹಾಕಿ, ಹಳೆಯ ಏಳು ಗೇರಿಗೆ ಹೊಂದಲು ಕ್ಯಾಸೆಟ್ಟಿನ ಹಿಂದೆ ಒಂದು ಬಳೆ ಸೇರಿಸಿದೆ. ಸರಳ ಹಬ್, ಕಪ್ಪು–ಕೋನು–ಬಾಲ್‌ಗಳದು, ನಾನೇ ಬಿಚ್ಚಿ ಕಟ್ಟಬಲ್ಲದ್ದು.

ಸಾಮಾನೆಲ್ಲ ಚೀಲದಲ್ಲಿ ಕಟ್ಟಿಕೊಂಡು ನಾನು ಹೋದದ್ದು ಊರಿನ ಹಳೆಯ ಪೇಟೆಯ ಒಂದು ಸಣ್ಣ ಅಂಗಡಿಗೆ. ಅಲ್ಲಿನ ಹಿರಿಯರು ಅರವತ್ತು ದಾಟಿದವರು, ಹುಡುಗನಾಗಿದ್ದಾಗಿನಿಂದ ಬೆಂಡು ತೆಗೆಯುತ್ತ ಬಂದವರು. ಡಿಸ್ಕ್ ಬ್ರೇಕಿನ ಚಕ್ರ ಕಟ್ಟಿರಲಿಲ್ಲ. ನಾನು ಹೇಳಿದ್ದಿಷ್ಟೇ: ಎರಡು ಕಡೆಯೂ ಮೂರು ಕ್ರಾಸ್, ಬಲಗಡೆ ನೂರಹದಿನೈದು, ಎಡಗಡೆ ತಾನಾಗಿ ಬಂದಷ್ಟು, ಎಲ್ಲವೂ ಒಂದೇ ಸಮ. ಕಡ್ಡಿಗಳು ಹೀಗೆ ಓರೆಯಾಗಿ ಒಂದನ್ನೊಂದು ದಾಟಿ ಹೋಗುವ ಕಟ್ಟು 1874ರಲ್ಲಿ ಜೇಮ್ಸ್ ಸ್ಟಾರ್ಲಿ ಎಂಬ ಇಂಗ್ಲಿಷ್ ಕುಶಲಕರ್ಮಿ ಪೇಟೆಂಟ್ ಮಾಡಿಸಿದ್ದು. ತುಳಿಯುವ ತಿರುಚು, ಈಗ ಡಿಸ್ಕಿನ ತಿರುಚು, ಎರಡನ್ನೂ ಹಬ್ಬಿನಿಂದ ರಿಮ್ಮಿಗೆ ಸಾಗಿಸುವುದು ಆ ಓರೆಯೇ. ಹಿರಿಯರು ತಲೆಯಾಡಿಸಿ ಚಾಪೆಯ ಮೇಲೆ ಕೂತರು.

ನಾನು ಎರಡು ಮಧ್ಯಾಹ್ನ ಪಕ್ಕದಲ್ಲೇ ಕೂತು ನೋಡಿದೆ. ಪ್ರತಿ ನಿಪ್ಪಲ್ಲಿನ ಮರೆಗೆ ಒಂದು ಹನಿ ಎಣ್ಣೆ. ತಲೆಕೆಳಗಾಗಿ ಗೋಡೆಗೆ ಹೊಡೆದ ಹಳೆಯ ಫೋರ್ಕಿನಲ್ಲಿ ಚಕ್ರ. ರಿಮ್ಮಿನ ಪಕ್ಕ ಹೆಬ್ಬೆರಳ ಉಗುರು ಇಟ್ಟು ತಿರುಗಿಸಿದರೆ ಉಗುರಿಗೆ ತಾಕುವ ಜಾಗವೇ ಬೆಂಡು. ಸುತ್ತು ಸರಿಯಾದ ಮೇಲೆ ಅವರು ಮಾಡಿದ್ದು ನಾನು ಬೇರೆ ಯಾವ ಅಂಗಡಿಯಲ್ಲೂ ನೋಡದ ಕೆಲಸ. ಎರಡೆರಡು ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು, ಹಸುವಿನ ಕೆಚ್ಚಲು ಹಿಂಡಿದ ಹಾಗೆ, ಬಲವಾಗಿ ಹಿಸುಕುತ್ತ ಚಕ್ರವನ್ನೆಲ್ಲ ಸುತ್ತಿದರು. ಒಳಗೆಲ್ಲೋ ಟಿಕ್, ಟಿಕ್ ಎಂದು ಕಡ್ಡಿಗಳು ತಮ್ಮ ಜಾಗದಲ್ಲಿ ಕೂತವು. ಮತ್ತೆ ಬೆಂಡು ಬಂತು, ಮತ್ತೆ ತೆಗೆದರು, ಮತ್ತೆ ಹಿಸುಕಿದರು. ಮೊಣಕೈಯ ಬಾಗಿನಲ್ಲಿ ತಯಾರಿಕೆಯ ಕಾಲದಿಂದ ಉಳಿದ ಒತ್ತಡ ಈ ಹಿಸುಕಿನಿಂದ ಇಳಿದುಹೋಗುತ್ತದೆ ಎಂದು ಬ್ರಾಂಟ್ ಬರೆದಿದ್ದಾರೆ. ಹಿರಿಯರಿಗೆ ಆ ಹೆಸರು ಗೊತ್ತಿರಲಿಲ್ಲ. “ಹಿಂಡ್ದೇ ಕೊಟ್ರೆ ನಾಳೆ ದಾರೀಲಿ ಸಡ್ಲ ಆಯ್ತದೆ” ಎಂದರು.

ಕೊನೆಗೆ ಉಗುರಿನಿಂದ ಒಂದೊಂದು ಕಡ್ಡಿಯನ್ನೂ ಮೀಟಿದರು. ಬಲಗಡೆಯ ಹದಿನಾರು ಒಂದೇ ಸ್ವರ. ಎಡಗಡೆಯ ಹದಿನಾರು ತುಸು ಕೆಳಗಿನ ಇನ್ನೊಂದು ಸ್ವರ. ಸ್ನೇಹಿತರೊಬ್ಬರಿಂದ ನಾನು ತಂದಿದ್ದ ಟೆನ್ಷನ್ ಮೀಟರ್ ಇಟ್ಟು ನೋಡಿದಾಗ ಬಲಗಡೆಯಲ್ಲಿ ಒಂದೇ ಒಂದು ಕಡ್ಡಿ ಸ್ವಲ್ಪ ಕಡಿಮೆ ತೋರಿಸಿತು. ಅದಕ್ಕೂ ಮೊದಲೇ ಅವರ ಬೆರಳು ಆ ಕಡ್ಡಿಯ ಮೇಲೆ ನಿಂತಿತ್ತು.

ಇದೆಲ್ಲಕ್ಕೂ ಸೇರಿ ಹದಿನೇಳು ಸಾವಿರದ ಆಸುಪಾಸು ಖರ್ಚಾಯಿತು, ಎರಡು ಚಕ್ರಕ್ಕೆ. ತೂಗಿದರೆ ಎರಡು ಕಿಲೋ ಮೇಲೆ ಎಪ್ಪತ್ತು ಗ್ರಾಂ. ನನ್ನಂಥ ಸವಾರರು ಕೇಳಿದರೆ ಇನ್ನೊಂದು ಮಾತು ಸೇರಿಸುತ್ತೇನೆ. ಒಂದು ಕಡ್ಡಿ ಮುರಿದಾಗ ಅದೊಂದನ್ನೇ ಬದಲಿಸಿ ಸುಮ್ಮನಾಗಬಹುದು. ಅದೇ ಚಕ್ರದಲ್ಲಿ ಮೂರು ಮುರಿದವೆಂದರೆ ಉಳಿದವೂ ಅಷ್ಟೇ ಲಕ್ಷ ಸಲ ದಣಿದಿವೆ ಎಂದು ತಿಳಿಯಬೇಕು, ಎಲ್ಲವನ್ನೂ ತೆಗೆಸಬೇಕು. ಟೈರಿನಲ್ಲಿ ಜಿಪುಣತನ ಬೇಡ. ರಿಮ್ಮಿನ ಒಳ ಅಗಲ 30 ಮಿಲಿಮೀಟರ್ ಇದ್ದರೆ 2.4 ಇಂಚಿನ ಟೈರು ಅಗಲವಾಗಿ ಕೂರುತ್ತದೆ. ನಾನು ಹಿಂದೆ 30 ಪಿಎಸ್‌ಐ, ಮುಂದೆ 26 ಇಡುತ್ತೇನೆ. ಇದಕ್ಕಿಂತ ಇಳಿದರೆ ಕಲ್ಲು ರಿಮ್ಮಿಗೆ ತಾಕುತ್ತದೆ, ಏರಿದರೆ ಪ್ರತಿ ಕಲ್ಲಿನ ಏಟೂ ಕಡ್ಡಿಗೆ ಹೋಗುತ್ತದೆ. ಗಾಳಿ ನೋಡುವ ಗೇಜು ಇಲ್ಲದೆ ಕಾಡಿಗೆ ಹೊರಡುವುದಿಲ್ಲ. ಟ್ಯೂಬು ತೆಗೆಸಿ ಸೀಲೆಂಟ್ ಹಾಕಿಸಿದ್ದು ಬಳ್ಳಾರಿ ಜಾಲಿಯ ಮುಳ್ಳಿಗಾಗಿ. ಹೊಲದ ಬದುಗಳಲ್ಲಿ ಸವರಿ ಎಸೆದ ಬೇಲಿಯ ಮೇಲೆ ಹಾದರೆ ಟೈರಿನಲ್ಲಿ ಐದಾರು ಮುಳ್ಳು ನೆಟ್ಟಿರುತ್ತವೆ. ಕೀಳುವಾಗ ಬಿಳಿಯ ಹನಿ ಉಕ್ಕಿ, ಅಲ್ಲೇ ಕಟ್ಟಿ ನಿಂತುಬಿಡುತ್ತದೆ.

ಈ ಚಕ್ರಗಳಿಗೆ ಈಗ ಐದು ವರ್ಷ. ಕಡ್ಡಿ ಮುರಿದಿಲ್ಲ. ದುರ್ಗದಿಂದ ಇಳಿದು ಬಂದ ಭಾನುವಾರಗಳಲ್ಲಿ, ಕಾಫಿಗೆ ಹಾಲು ಕಾಯುವ ಹೊತ್ತಿನಲ್ಲಿ, ಹಿಂದಿನ ಚಕ್ರವನ್ನು ಒಂದು ಸುತ್ತು ಮೀಟುತ್ತೇನೆ. ಹದಿನಾರು, ಹದಿನಾರು.

ಮಳೆಗಾಲಕ್ಕೆ ಮುಂಚೆ ಹಬ್ ಬಿಚ್ಚಬೇಕು. ಕಳೆದ ವಾರ ಅಂಗಳದಲ್ಲಿ ಹಳೆಯ ಪತ್ರಿಕೆ ಹಾಸಿ ಕೂತೆ. ಕೋನು ಸಡಿಲಿಸಿ ಆಕ್ಸೆಲ್ ಎಳೆದಾಗ ಕಪ್ಪಾದ ಗ್ರೀಸಿನಲ್ಲಿ ಬಾಲ್‌ಗಳು ಅಂಟಿಕೊಂಡು ಬಂದವು. ಸೀಮೆಎಣ್ಣೆಯ ಬಟ್ಟಲಿಗೆ ಹಾಕಿ, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಒಂದೊಂದಾಗಿ ಹಿಡಿದು ನೋಡಿದೆ. ಕಾಲಿಂಚಿನ ಉಕ್ಕಿನ ಗುಂಡುಗಳು, ಒಂದರಲ್ಲೂ ಚುಕ್ಕೆಯಿಲ್ಲ. ಕಪ್ಪಿಗೆ ಹೊಸ ಗ್ರೀಸು ಸವರಿ ಮತ್ತೆ ಎಣಿಸಿ ಕೂರಿಸಿದೆ. ಈ ಕಡೆ ಒಂಬತ್ತು, ಆ ಕಡೆ ಒಂಬತ್ತು.